ಸೊನ್ನೆಯೊಳಗೆ ಗುಲ್ಕಂದ

ಹೊಸಂಗಡಿ ರೈಲ್ವೆ ಗೇಟಿನ ಬುಡದಲ್ಲಿ ನಮ್ಮ ಬೇಕರಿ.
ಇಂತ್ರೂಜಿಗೆ ಐದೇ ದಿನ ಉಳಿದ ಗುರುವಾರ
ಬಂದಳು ಅವಳು,
ಕುಂಬಳೆಯ ವೈದ್ಯರಲ್ಲಿ ಬೆನ್ನಿಗೆ ತೈಲ ತಿಕ್ಕಿಸಿಕೊಳ್ಳಲು
ಪೋಲೆಂಡಿನಿಂದ ಬಂದವಳು,
ಕರಿದದ್ದು ಮುಟ್ಟಕೂಡದೆಂಬ ಪಥ್ಯದವಳು.
ಹೆಸರು ಕೇಳಿದರೆ 'ಹಾಲಿನಾ' ಎಂದಳು.
ಹಾಲಿನ... ಏನು? ಕಾದೆ.
ಪೇಡವೋ, ಪುಡಿಯೋ?
ಇಲ್ಲ, ಹೆಸರು ಅಲ್ಲಿಗೇ ಮುಗಿದಿತ್ತು.

ಈವತ್ತು ಅವರ ಊರಲ್ಲಿ ಎಲ್ಲರೂ ತಿನ್ನುವ ತಿಂಡಿಯಂತೆ.
ಚೀಟಿಯಲ್ಲಿ ಬರೆದು ತೋರಿಸಿದಳು.
ಇಂಗ್ಲಿಷಿನಂಥದೇ ಅಕ್ಷರ,
ಆದರೆ ಎರಡನೆಯದಕ್ಕೆ ಕೆಳಗೊಂದು ಬಾಲ,
ಹಲ್ಲಿಮರಿಗಿರುವಂಥದ್ದು.

ನನ್ನ ಮಗಳು ರೆನಿಟಾ 'ಪಾಕ್ಜ್ಕಿ' ಎಂದು ಓದಿ
ಕೆಮ್ಮಿದಳು.
ಪೆನ್ಷನ್ ಮಾಸ್ತರು ಮಯ್ಯರು ಕನ್ನಡಕ ಏರಿಸಿ
'ಪಂಚಕ್ಕಿ. ಪಂಚ, ಅಕ್ಕಿ.
ಐದು ಬಗೆ ಅಕ್ಕಿಯ ಭಕ್ಷ್ಯ' ಎಂದು ಸಂಧಿ ಬಿಡಿಸಿದರು.
ಮೀನಿನ ಬುಟ್ಟಿ ಇಳಿಸಿದ ದೇಯಕ್ಕನಿಗೆ
'ಪೊಂಜೊವು' ಎಂದು ಕೇಳಿಸಿ,
ಹೆಂಗಸರನ್ನೂ ಮಾರಲಿಕ್ಕೆ ಶುರು ಮಾಡಿದಿರಾ ಅಂತ
ತುಳುವಿನಲ್ಲೇ ಬಿದ್ದು ಬಿದ್ದು ನಕ್ಕಳು.

ಭಟ್ಟಿಯ ಹಿಂದಿನಿಂದ ಅಂದುಞಿ,
ಮೊಣಕೈವರೆಗೂ ಮೈದಾ,
ತಲೆ ಎತ್ತದೆ ಹೇಳಿದ:
'ಪೊಂಚ್ಕಿ.'

ಹಾಲಿನಾ ಒಳಗೇ ನುಗ್ಗಿ
ಅವನ ಹಿಟ್ಟಿನ ಕೈ ಹಿಡಿದು ಕುಲುಕಿದಳು.

ಅವನಿಗೇನು ಕಷ್ಟ ಮಾರಾಯ್ರೆ,
ಹೆಸರಿಟ್ಟ ದಿನದಿಂದ ಮೂಗಿನಲ್ಲಿ ಒಂದು ಞ ಹೊತ್ತವನು.
ರೇಷನ್ ಕಾರ್ಡಿನಲ್ಲಿ ಅಂದುನಿ,
ಬ್ಯಾಂಕಿನಲ್ಲಿ ಅಂದುಂಜಿ,
ಮೈಸೂರಿನ ಮೈದಾ ಏಜೆಂಟನ ಬಿಲ್ಲಿನಲ್ಲಿ ಅಂದುಹಿ.
ಞ ಎಂಬುದು ವರ್ಣಮಾಲೆಯಲ್ಲಿ ಸುಮ್ಮನೆ ಕೂತಿದೆ ಎನ್ನುವವರು
ನಮ್ಮ ಗೇಟು ದಾಟಿದವರಲ್ಲ.

ಹಿಟ್ಟಿಗೆ ಒಂದು ಚಮಚ ಸಾರಾಯಿ, ಎಂದಳು,
ಎಣ್ಣೆ ಒಳಗೆ ನುಗ್ಗದಂತೆ ಕಾವಲಿಗೆ.
ಅಂದುಞಿ ಚಮಚವನ್ನೇ ಕೆಳಗಿಟ್ಟ.
ಲಿಂಬೆರಸ ಕಾವಲು ನಿಂತಿತು.
ಕರಿಯುವುದು ಯಾವುದರ ಕೊಬ್ಬಿನಲ್ಲೆಂದೂ ಹೇಳಿದಳು,
ಅದನ್ನು ಮಾತ್ರ ನಾನು ಅವನಿಗೆ ದಾಟಿಸಲಿಲ್ಲ.
ತೆಂಗಿನೆಣ್ಣೆ ಕಾಯಿಸಿದೆ.
ಒಳಗೆ ಗುಲಾಬಿಯ ಮುರಬ್ಬ ಬೇಕಂತೆ;
ಉಪ್ಪಳದ ಬೀಡದಂಗಡಿಯಿಂದ
ಬಸ್ಸಿನ ಕಂಡಕ್ಟರನ ಕೈಯಲ್ಲಿ ಗುಲ್ಕಂದ ಬಂತು.

ಉಬ್ಬಿ ತೇಲಿದವು. ಮಗುಚಿದಾಗ
ಸೊಂಟದ ಸುತ್ತ ಒಂದು ಬಿಳಿ ಪಟ್ಟಿ,
ಕೂಸಿನ ಉಡಿದಾರ.
ಅದು ಬಿದ್ದರೆ ಪಾಸು ಎಂದು ಹಾಲಿನಾ
ಬೆನ್ನುನೋವು ಮರೆತು ಕುಣಿದಳು.

ಹೊರಗಿನ ಹಲಗೆಗೆ ಹೆಸರು ಬರೆಯುವವಳು ನಾನು.
ಪೊ ಬರೆದೆ.
ಸೊನ್ನೆ ಸುತ್ತುವ ಮುಂಚೆ ಚಾಕು ನಿಂತಿತು.
ಮಂಜೇಶ್ವರದ ಕೊನೆಗೆ ಬೋರ್ಡುಗಳಲ್ಲಿ
ಇಂಥದೇ ಒಂದು ಸೊನ್ನೆ ಬಂದು ಕೂತಿದೆ.
ತೆಗೆಸಿ ಎಂದು ಮಯ್ಯ ಮಾಸ್ತರು ಬರೆದ ಅರ್ಜಿ ಹನ್ನೊಂದು.
ಇರಲಿ ಎಂದ ಅಂದುಞಿಯ ಮಗನಿಗೂ ಅವರಿಗೂ
ಈಗ ಮಾತಿಲ್ಲ.
ಸೊನ್ನೆ ಬರೆದೆ.
ಬೇಕೆಂದೇ ದೊಡ್ಡದು ಬರೆದೆ, ಉಂಡು ಕೂತ ಹೊಟ್ಟೆಯ ಹಾಗೆ,
ಒಳಗೆ ಕೆಂಪು ಚಾಕಿನಿಂದ ಒಂದು ಚುಕ್ಕೆ ಇಟ್ಟೆ.

ಮಯ್ಯರು ತಿಂದರು.
ಮೊಟ್ಟೆ ಇದೆಯಾ ಎಂದು ಅವರು ಕೇಳಲಿಲ್ಲ,
ನಾನೂ ಹೇಳಲಿಲ್ಲ.
'ಇದಕ್ಕೆ ಏಕವಚನ ಉಂಟಾ?'
ಉಂಟು, ಒಂದಾದರೆ ಪೊಂಚೆಕ್ ಅಂತೆ.
'ಹಾಗಾದರೆ ಇನ್ನೊಂದು ಕೊಡು ಫ್ಲೋರಿನ್,
ವ್ಯಾಕರಣ ತಪ್ಪುವುದು ಬೇಡ.'

ಹಾಲಿನಾ ತಿಂದದ್ದು ಮೂರು.
ವೈದ್ಯರಿಗೆ ಹೇಳಬೇಡ ಎಂದು ಬೆರಳು ತುಟಿಗಿಟ್ಟಳು,
ಬೆರಳಿಗೆಲ್ಲ ಸಕ್ಕರೆ.
ಗೇಟು ಬಿತ್ತು. ಗೂಡ್ಸ್ ರೈಲು, ಮುಗಿಯುವುದೇ ಇಲ್ಲ.
ಕಾಯುತ್ತ ನಿಂತವಳು ತಿರುಗಿ
ಕೂಗಿ ಹೇಳಿದಳು: 'ಬರುತ್ತೇನೆ, ಅಂದುಞಿ!'
ಒಂದೇ ಸಲಕ್ಕೆ, ಒಂದಕ್ಷರ ಉದುರದೆ.
ಅವರ ಭಾಷೆಯಲ್ಲೂ ಅದು ಇದೆಯಂತೆ.

ಭಟ್ಟಿಯ ಹಿಂದೆ ಸ್ವಲ್ಪ ಹೊತ್ತು ಸದ್ದಿಲ್ಲ.
ಆಮೇಲೆ ಎಣ್ಣೆಗೆ ಏನೋ ಬಿತ್ತು,
ಚುಂಯ್.